ರುದ್ರಭೂಮಿಯಲ್ಲಿ ನಡೆ-ನುಡಿ

ಒಂದು ಊರಿನ ಸಂಸ್ಕೃತಿಯನ್ನು ಅಳೆಯಲು ಹೊರಟವರು ಸಾಮಾನ್ಯವಾಗಿ ಅದರ ದೇವಾಲಯಗಳನ್ನು, ವಿದ್ಯಾಶಾಲೆಗಳನ್ನು, ಉದ್ಯಾನಗಳನ್ನು, ಪೇಟೆ-ಬೀದಿಗಳನ್ನು ನೋಡುವರು. ರುದ್ರಭೂಮಿಯನ್ನು ನೋಡುವವರು ವಿರಳ. ಆದರೆ ಜನರ ಸಂಸ್ಕಾರ ಎಷ್ಟರಮಟ್ಟಿನದೆಂಬುದು ಅಲ್ಲಿ ತಿಳಿಯುವಷ್ಟು ನಿಚ್ಚಳವಾಗಿ ಬೇರೆಲ್ಲಿಯೂ ತಿಳಿಯದು. ದೇವಾಲಯದಲ್ಲಿ ವರ ಕೊಡುವ ದೇವರಿದ್ದಾನೆ. ಮದುವೆಯ ಮನೆಯಲ್ಲಿ ಉಪಚರಿಸುವ ಬೀಗರಿದ್ದಾರೆ. ಕಚೇರಿಯಲ್ಲಿ ಗದರಿಸುವ ಅಧಿಕಾರಿಯಿದ್ದಾನೆ. ಸ್ಮಶಾನದಲ್ಲಿ ಪ್ರತಿಫಲ ಕೊಡುವವರೂ ಇಲ್ಲ, ತಪ್ಪೆಣಿಸುವವರೂ ಇಲ್ಲ. ಮಣ್ಣಿಗೆ ಸೇರಿದವರು ಮಾತನಾಡರು; ಮಣ್ಣು ಕೊಡಲು ಬಂದ ಮನೆಯವರು ಮಾತನಾಡುವ ಸ್ಥಿತಿಯಲ್ಲಿರರು. ಯಾರ ಅಂಕೆಯೂ ಇಲ್ಲದ ಅಂತಹ ಸ್ಥಳದಲ್ಲಿ ಮನುಷ್ಯನು ಹೇಗೆ ನಡೆದುಕೊಳ್ಳುವನೆಂಬುದೇ ಅವನು ಪಡೆದ ಶಿಕ್ಷಣದ ಕೊನೆಯ ಪರೀಕ್ಷೆ.

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಲ್ಲಿ ಈ ಪರೀಕ್ಷೆ ದಿನವೂ ನಡೆಯುತ್ತಿದೆ. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಾಗ ಅದರ ಸುತ್ತಮುತ್ತ ಇದ್ದುದು ಹಳ್ಳಿ, ಹೊಲ, ಕೆರೆ, ತೋಪುಗಳು. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿಗಳು ತಮ್ಮ ತಮ್ಮ ಕೆರೆಗಳನ್ನು ನೆಚ್ಚಿಕೊಂಡಿದ್ದ ಊರುಗಳು. ಬಿ.ಟಿ.ಎಂ. ಎಂಬ ಮೂರಕ್ಷರದೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಅಡಗಿವೆ. ಹಳ್ಳಿಯಲ್ಲಿ ಊರಾಚೆಗೆ ಒಂದು ಸ್ಮಶಾನ, ಹೊಲದ ಬದುವಿನಲ್ಲಿ ಮನೆತನದ ಹಿರಿಯರ ಸಮಾಧಿ ಇರುವುದು ವಾಡಿಕೆ. ಅಲ್ಲಿ ಯಾರು ತೀರಿಕೊಂಡರೂ ಊರಿಗೆಲ್ಲ ತಿಳಿದವರೇ. ಹೆಗಲು ಕೊಡುವವರು, ಗುಂಡಿ ತೋಡುವವರು, ಮನೆಯವರಿಗೆ ಅಂಬಲಿ ಕಾಸಿ ತರುವವರು ಎಲ್ಲರೂ ಪರಸ್ಪರ ಬಲ್ಲವರು. ಆದುದರಿಂದ ಅಲ್ಲಿನ ನಡವಳಿಕೆಯನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಮಕ್ಕಳು ನೋಡಿ ಕಲಿಯುತ್ತಿದ್ದರು.

ಇಂದು ಸ್ಥಿತಿ ಬೇರೆ. ಮೇಲುಮಹಡಿಯವರ ಹೆಸರು ಕೆಳಮಹಡಿಯವರಿಗೆ ತಿಳಿಯದ ಕಾಲ. ಬನಶಂಕರಿಯ ಅಥವಾ ವಿಲ್ಸನ್ ಗಾರ್ಡನ್ನಿನ ವಿದ್ಯುತ್ ಚಿತಾಗಾರಕ್ಕೆ ಹೋದರೆ ಅಲ್ಲಿ ಒಂದೇ ವೇಳೆಯಲ್ಲಿ ಎರಡು ಮೂರು ಕುಟುಂಬಗಳು ಸರದಿಗಾಗಿ ಕಾಯುತ್ತಿರಬಹುದು. ಒಂದು ದಹನಕ್ಕೆ ಸುಮಾರು ಒಂದು ಗಂಟೆ ಹಿಡಿಯುವುದರಿಂದ ಈ ಕಾಯುವಿಕೆ ಅನಿವಾರ್ಯ. ಒಂದು ಗುಂಪಿನವರು ತೊಂಬತ್ತು ವರ್ಷ ತುಂಬಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು ಕಣ್ಮುಚ್ಚಿದ ಅಜ್ಜನನ್ನು ತಂದಿರುವರು. ಅವರ ಮನಸ್ಸಿನಲ್ಲಿ ದುಃಖಕ್ಕಿಂತ ಸಂತೃಪ್ತಿಯೇ ಹೆಚ್ಚು; ಬಹುದಿನಗಳ ಮೇಲೆ ಕೂಡಿದ ನೆಂಟರು ಕುಶಲ ವಿಚಾರಿಸಿಕೊಳ್ಳುತ್ತಿರುವರು. ಹತ್ತು ಹೆಜ್ಜೆಯಾಚೆ, ಬೆಳಿಗ್ಗೆ ಕಾಲೇಜಿಗೆಂದು ಹೊರಟು ಅಪಘಾತಕ್ಕೆ ಸಿಕ್ಕಿದ ಹುಡುಗನ ತಂದೆ ಗೋಡೆಗೊರಗಿ ನಿಂತಿರುವನು. ಅಜ್ಜನ ಕಡೆಯವರ ಒಂದು ನಗೆ ಅವರ ಪಾಲಿಗೆ ಸಹಜವಾದುದೇ. ಆದರೆ ಅದೇ ನಗೆ ಆ ತಂದೆಯ ಕಿವಿಗೆ ಬೀಳುವಾಗ ಕಾದ ಸೀಸ. ಇಲ್ಲಿ ಯಾರೂ ದುಷ್ಟರಲ್ಲ. ತಾವು ಒಬ್ಬರೇ ಅಲ್ಲಿಲ್ಲವೆಂಬುದನ್ನು ಮರೆತಿದ್ದಾರೆ, ಅಷ್ಟೆ.

ಸ್ಮಶಾನದಲ್ಲಿ ಗೌರವದಿಂದ ನಡೆದುಕೊಳ್ಳಬೇಕೆಂದಾಗ ಅದು ಸತ್ತವರಿಗೆ ಸಲ್ಲಿಸುವ ಗೌರವವೆಂದೇ ಬಹುಜನರ ತಿಳಿವಳಿಕೆ. ಅದು ನಿಜ, ಆದರೆ ಪೂರ್ಣವಾದ ನಿಜವಲ್ಲ. ಸತ್ತವರನ್ನು ಇನ್ನು ಯಾವ ಮಾತೂ ನೋಯಿಸಲಾರದು. ನೋಯುವವರು ಪಕ್ಕದಲ್ಲಿ ನಿಂತಿರುವ ಬದುಕಿರುವವರು. ಆದುದರಿಂದ ರುದ್ರಭೂಮಿಯ ಶಿಷ್ಟಾಚಾರವೆಂಬುದು ಮೊದಲು ಅಪರಿಚಿತನ ದುಃಖಕ್ಕೆ ತೋರುವ ಮನ್ನಣೆ. ತರುವಾಯ ಅಲ್ಲಿ ದುಡಿಯುವವನಿಗೆ ತೋರುವ ಮನ್ನಣೆ. ಈ ಎರಡರ ಮೂಲಕವೇ ಅದು ಮೃತರಿಗೆ ಸಲ್ಲುವ ಗೌರವವಾಗುತ್ತದೆ. ಈ ಕ್ರಮವನ್ನು ಅರಿಯದೆ ಮಡಿದವರ ಭಾವಚಿತ್ರಕ್ಕೆ ಎಷ್ಟು ದೊಡ್ಡ ಹಾರ ಹಾಕಿದರೂ ಅದು ಬರಿಯ ಆಡಂಬರ.

ಗೌರವಕ್ಕೆ ಬದಲಾಗಿ ಅಲ್ಲಿ ನೆಲೆಸಿರುವುದು ಬಹುಮಟ್ಟಿಗೆ ಭಯ. ಕನ್ನಡದಲ್ಲಿ ಸುಡುಗಾಡು ಎಂಬ ಮಾತು ಸ್ಥಳದ ಹೆಸರಾಗಿ ಬಳಕೆಯಾಗುವುದಕ್ಕಿಂತ ಬೈಗುಳಾಗಿ ಬಳಕೆಯಾಗುವುದೇ ಹೆಚ್ಚು. ಭಯವಿರುವವನು ಬೇಗ ಬಂದು ಬೇಗ ಹೊರಡಲು ಹವಣಿಸುವನು. ಭಯವನ್ನು ಮುಚ್ಚಿಕೊಳ್ಳಲು ಜೋರಾಗಿ ಮಾತನಾಡುವನು. ಹಿಂದಿರುಗಿ ನೋಡಬಾರದೆಂದು ಓಡುವವನ ಕಣ್ಣಿಗೆ ಹಿಂದೆ ಉಳಿದ ವಿಧವೆ ಬೀಳುವುದಿಲ್ಲ. ಶರಣ ಪರಂಪರೆಯು ಈ ಭಯದ ಬೇರನ್ನೇ ಕಿತ್ತುಹಾಕಲು ಯತ್ನಿಸಿತು. ಜನನ, ಮರಣ ಮೊದಲಾದ ಐದು ಸೂತಕಗಳನ್ನು ಅದು ಅಲ್ಲಗಳೆಯಿತು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಗಜೇಶ ಮಸಣಯ್ಯನೆಂಬ ಹೆಸರಿನವನಿದ್ದಾನೆ. ಅವನ ಧರ್ಮಪತ್ನಿಯ ಹೆಸರು ಮಸಣಮ್ಮ. ಮಸಣದ ಹೆಸರನ್ನು ಮನೆಯೊಳಗೆ ಕರೆದು, ಮಗುವಿಗಿಟ್ಟು, ಪ್ರೀತಿಯಿಂದ ಕೂಗಿದ ಜನರಿದ್ದರೆಂಬುದನ್ನು ನೆನೆದರೆ ಇಂದಿನ ಅಂಜಿಕೆ ಎಷ್ಟು ಹೊಸದೆಂಬುದು ಮನವರಿಕೆಯಾಗುವುದು. ಮೃತನನ್ನು ಪದ್ಮಾಸನದಲ್ಲಿ ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ-ಬಿಲ್ವಪತ್ರೆಗಳೊಡನೆ ಸಮಾಧಿ ಮಾಡುವ ಕ್ರಮದ ಹಿಂದಿರುವುದು ಪೂಜೆಗೆ ಕುಳಿತವನನ್ನು ಪೂಜೆಯಲ್ಲೇ ಬಿಟ್ಟು ಬರುವ ಭಾವ. ಪೂಜೆಯಲ್ಲಿರುವವರ ಎದುರು ಹೇಗಿರಬೇಕೆಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ.

ಸ್ಮಶಾನ ವೈರಾಗ್ಯವೆಂಬ ಒಂದು ಮಾತುಂಟು. ಚಿತೆಯ ಮುಂದೆ ಹುಟ್ಟಿ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಅಳಿಯುವ ವೈರಾಗ್ಯವೆಂದು ಹಿರಿಯರು ಅದನ್ನು ಹಾಸ್ಯ ಮಾಡಿದರು. ಈಗ ಆ ಅಲ್ಪಾಯುಷ್ಯದ ವೈರಾಗ್ಯವೂ ದುರ್ಲಭವಾಗಿದೆ. ಹೆಣ ಒಳಗೆ ಹೋದೊಡನೆ ಹೊರಗೆ ಜೆ.ಪಿ. ನಗರದಲ್ಲಿ ಸೈಟಿನ ಚದರಡಿ ಬೆಲೆ ಎಷ್ಟಾಯಿತೆಂಬ ಚರ್ಚೆ ಆರಂಭವಾಗುವುದು. ತೀರಿಕೊಂಡವರು ಯಾವ ಆಸ್ಪತ್ರೆಯಲ್ಲಿದ್ದರು, ಬಿಲ್ಲು ಎಷ್ಟಾಯಿತು, ಮನೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಗಳು ಸಹಾನುಭೂತಿಯ ವೇಷದಲ್ಲಿ ಬರುವುವು. ಸಾಂತ್ವನಕ್ಕೆ ಮಾತು ಹೊಳೆಯದಿದ್ದರೆ ಸುಮ್ಮನಿರುವುದು ಕೊರತೆಯಲ್ಲ. ಕೈ ಹಿಡಿದು ಎರಡು ನಿಮಿಷ ನಿಂತವನನ್ನು ಆ ಮನೆಯವರು ಜೀವಮಾನವೆಲ್ಲ ನೆನೆಯುವರು.

ಮಡಿದವರ ನೆನಪನ್ನು ಊರು ಹೇಗೆ ಹೊತ್ತು ನಿಲ್ಲಬಲ್ಲದೆಂಬುದಕ್ಕೆ ಇದೇ ದಕ್ಷಿಣ ಭಾಗದಲ್ಲಿ ಒಂದು ಅಪೂರ್ವ ನಿದರ್ಶನವಿದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಕಾಲದ ಒಂದು ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗನು ಮಡಿದನೆಂಬ ಸಂಗತಿಯನ್ನು ಅದು ತಿಳಿಸುತ್ತದೆ. ಬೆಂಗಳೂರು ಎಂಬ ಹೆಸರು ಕಾಣಿಸಿಕೊಳ್ಳುವ ಅತಿ ಹಳೆಯ ಶಾಸನವೆಂದು ವಿದ್ವಾಂಸರು ಎಣಿಸಿರುವುದು ಇದನ್ನೇ. ಕೋಟೆ ಕಟ್ಟಿದ ವೃತ್ತಾಂತದಿಂದಾಗಲೀ ಪಟ್ಟಾಭಿಷೇಕದ ವರ್ಣನೆಯಿಂದಾಗಲೀ ಈ ಹೆಸರು ಉಳಿದುಬರಲಿಲ್ಲ. ಸತ್ತವನೊಬ್ಬನನ್ನು ಮರೆಯಬಾರದೆಂದು ಕಲ್ಲಿಗೆ ಕೊಟ್ಟ ನಾಲ್ಕು ಮಾತುಗಳಿಂದ ಉಳಿದುಬಂದಿತು. ಅದೇ ಬೇಗೂರಿನಿಂದ ಬಂದ, ಯುದ್ಧದ ದೃಶ್ಯವನ್ನು ಕಡೆದಿರುವ ಪ್ರಸಿದ್ಧ ವೀರಗಲ್ಲೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ನಾಡಿನ ನೂರಾರು ಹಳ್ಳಿಗಳಲ್ಲಿ ವೀರಗಲ್ಲುಗಳು ಬಟ್ಟೆ ಒಗೆಯುವ ಹಾಸುಗಲ್ಲಾಗಿ, ಚರಂಡಿಯ ಮುಚ್ಚಳವಾಗಿ ಬಿದ್ದಿರುವುದನ್ನು ಬಲ್ಲವರು ಬಲ್ಲರು. ಸ್ಮಾರಕವು ಗೌರವ ಪಡೆಯುವುದೂ ಕಳೆದುಕೊಳ್ಳುವುದೂ ನೋಡುವವನ ನಡತೆಯಿಂದ, ಕಲ್ಲಿನ ಬೆಲೆಯಿಂದಲ್ಲ.

2021ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಬೆಂಗಳೂರಿನವರು ಮರೆಯಲಾರರು. ಕೋವಿಡ್ ಸಾಂಕ್ರಾಮಿಕದ ಎರಡನೆಯ ಅಲೆಯಲ್ಲಿ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತವು. ಚಾಮರಾಜಪೇಟೆಯ ಚಿತಾಗಾರದಲ್ಲಿ ಇನ್ನು ಸ್ಥಳವಿಲ್ಲವೆಂಬ ಫಲಕವನ್ನೇ ತೂಗುಹಾಕಬೇಕಾಯಿತು. ಅಂತ್ಯಕ್ರಿಯೆಗೆ ಕೇವಲ 5 ಮಂದಿ ಮಾತ್ರ ಸೇರಬೇಕೆಂಬ ಕಟ್ಟಳೆ ಜಾರಿಯಲ್ಲಿತ್ತು. ತಂದೆಯ ಮುಖ ನೋಡದ ಮಕ್ಕಳು, ಮಗನಿಗೆ ಹಿಡಿ ಮಣ್ಣು ಹಾಕಲಾರದ ತಾಯಂದಿರು ಎಷ್ಟೋ ಮಂದಿ. ಮೃತರ ಬೂದಿಯನ್ನು ಪಡೆಯಲು ಬಂಧುಗಳೇ ಬಾರದೆ ಹೋದಾಗ ಅಂತಹ 500ಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು 2021ರ ಜೂನ್ 2ರಂದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಸರ್ಕಾರದ ವತಿಯಿಂದಲೇ ವಿಸರ್ಜಿಸಲಾಯಿತು. ಇದೇ ಕಾಲದಲ್ಲಿ ಜಾತಿ-ಮತಗಳನ್ನೆಣಿಸದೆ ಅಪರಿಚಿತರ ಶವಗಳಿಗೆ ಹೆಗಲು ಕೊಟ್ಟು, ಆಯಾ ಧರ್ಮದ ವಿಧಿಯಂತೆ ಸಂಸ್ಕಾರ ನಡೆಸಿದ ಸ್ವಯಂಸೇವಕರನ್ನೂ ಈ ನಗರ ಕಂಡಿತು. ಸ್ಮಶಾನಕ್ಕೆ ಹೋಗಿ ಒಂದು ಗಳಿಗೆ ನಿಲ್ಲುವುದು ಎಷ್ಟು ದೊಡ್ಡ ಭಾಗ್ಯವೆಂಬುದನ್ನು ಆ ದಿನಗಳು ಕಲಿಸಿದವು. ಕಲಿತ ಪಾಠವನ್ನು ಇಷ್ಟು ಬೇಗ ಮರೆಯುವುದು ಕೃತಘ್ನತೆ.

ದೊಡ್ಡವರ ಅಗಲಿಕೆಯಲ್ಲಿ ಸಾರ್ವಜನಿಕರ ನಡವಳಿಕೆ ಎರಡು ಬಗೆಯಾಗಿರುವುದನ್ನು ಬೆಂಗಳೂರು ನೋಡಿದೆ. 2006ರ ಏಪ್ರಿಲ್ 12ರಂದು ಡಾ. ರಾಜಕುಮಾರ್ ಅವರು ನಿಧನರಾದಾಗ ಅಭಿಮಾನವು ಉನ್ಮಾದಕ್ಕೆ ತಿರುಗಿತು. ಹಿಂಸೆಯಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಕರ್ತವ್ಯದಲ್ಲಿದ್ದ ಪೊಲೀಸರೊಬ್ಬರೂ ಅವರಲ್ಲಿದ್ದರು. ಆ ಮಹಾನ್ ಕಲಾವಿದರ ಮನೆಯವರು ನೆಮ್ಮದಿಯಿಂದ ಅಳುವುದಕ್ಕೂ ಅವಕಾಶವಾಗಲಿಲ್ಲ. ಹದಿನೈದು ವರ್ಷಗಳ ತರುವಾಯ, 2021ರ ಅಕ್ಟೋಬರ್ 29ರಂದು ಅವರ ಕಿರಿಯ ಪುತ್ರ ಪುನೀತ್ ರಾಜಕುಮಾರ್ ಅಕಾಲ ಮರಣಕ್ಕೀಡಾದಾಗ ಲಕ್ಷಾಂತರ ಜನ ಕಂಠೀರವ ಕ್ರೀಡಾಂಗಣದಲ್ಲಿ ಸಾಲಾಗಿ ನಿಂತು ಅಂತಿಮ ದರ್ಶನ ಪಡೆದರು. 31ರ ಮುಂಜಾನೆ ಕಂಠೀರವ ಸ್ಟುಡಿಯೋದಲ್ಲಿ, ತಂದೆ-ತಾಯಿಯರ ಸಮಾಧಿಯ ಬಳಿಯಲ್ಲೇ, ಅವರ ಅಂತ್ಯಕ್ರಿಯೆ ಶಾಂತವಾಗಿ ನೆರವೇರಿತು. ದುಃಖ ಎರಡು ಸಲವೂ ಅಪಾರವಾಗಿತ್ತು. ಎರಡನೆಯ ಸಲ ಜನರು ತಮ್ಮ ದುಃಖವನ್ನು ಆ ಮನೆಯವರ ದುಃಖಕ್ಕಿಂತ ಮುಂದೆ ಮಾಡಲಿಲ್ಲ. ಅಷ್ಟು ದೊಡ್ಡ ಜನಸ್ತೋಮಕ್ಕೆ ಸಾಧ್ಯವಾದ ಸಂಯಮ ಐವತ್ತು ಮಂದಿಯ ಗುಂಪಿಗೆ ಅಸಾಧ್ಯವೇನಲ್ಲ.

ಸಂಯಮದ ಇನ್ನೂ ಎತ್ತರದ ಆದರ್ಶವೊಂದು ತುಮಕೂರಿನ ಸಿದ್ಧಗಂಗೆಯಲ್ಲಿ ಕಂಡುಬಂದಿತು. 2019ರ ಜನವರಿ 21ರಂದು ಡಾ. ಶಿವಕುಮಾರ ಮಹಾಸ್ವಾಮಿಗಳವರು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ವಿದ್ಯಾರ್ಥಿಗಳ ಮಧ್ಯಾಹ್ನದ ಪ್ರಸಾದವಾಗುವವರೆಗೆ ಸುದ್ದಿಯನ್ನು ಹೊರಗೆಡಹಬಾರದೆಂಬುದು ಶ್ರೀಗಳವರ ಇಚ್ಛೆಯಾಗಿತ್ತೆಂದೂ, ಅದರಂತೆಯೇ ನಡೆಯಿತೆಂದೂ ಅಂದಿನ ಪತ್ರಿಕೆಗಳು ವರದಿ ಮಾಡಿದವು. ಮರುದಿನ, ಮೊದಲೇ ಸಿದ್ಧವಾಗಿದ್ದ ಗದ್ದುಗೆಯಲ್ಲಿ ಕ್ರಿಯಾಸಮಾಧಿ ನೆರವೇರುವಾಗಲೂ ಬಂದ ಲಕ್ಷಾಂತರ ಭಕ್ತರಿಗೆ ದಾಸೋಹ ನಿಲ್ಲಲಿಲ್ಲ. ಸಾವಿನ ಮುಂದೆಯೂ ಹಸಿದ ಮಗುವಿನ ಹೊಟ್ಟೆಯನ್ನು ನೆನೆಯುವುದಕ್ಕಿಂತ ಹಿರಿದಾದ ಸಂಸ್ಕಾರವನ್ನು ಯಾವ ವಿಧಿಯೂ ಹೇಳಲಾರದು. ಬದುಕಿರುವವರ ಮೇಲಿನ ಕರುಣೆಯೇ ಅಗಲಿದವರಿಗೆ ಸಲ್ಲುವ ನೈವೇದ್ಯವೆಂಬ ಮಾತಿಗೆ ಇದೇ ಸಾಕ್ಷಿ.

ರುದ್ರಭೂಮಿಯಲ್ಲಿ ದುಡಿಯುವವರ ವಿಷಯದಲ್ಲಿ ಈ ಕರುಣೆ ತೀರ ಕಡಿಮೆ. ಗುಂಡಿ ತೋಡುವವರನ್ನು, ಕುಲುಮೆ ನೋಡಿಕೊಳ್ಳುವವರನ್ನು ಏಕವಚನದಲ್ಲಿ ಕೂಗುವುದು, ಹಣವನ್ನು ಕೈಗಿಡದೆ ಎಸೆಯುವುದು, ಕೊನೆಯ ಗಳಿಗೆಯಲ್ಲಿ ಕೂಲಿಗೆ ಚೌಕಾಸಿ ಮಾಡುವುದು ವಿದ್ಯಾವಂತರಲ್ಲಿಯೂ ಉಂಟು. ರಾಘವಾಂಕ ಕವಿಯ ಹರಿಶ್ಚಂದ್ರ ಕಾವ್ಯವನ್ನು ಓದಿದ ನಾಡು ಹೀಗೆ ನಡೆಯತಕ್ಕದ್ದಲ್ಲ. ಅಯೋಧ್ಯೆಯ ಚಕ್ರವರ್ತಿಯು ವೀರಬಾಹುಕನಿಗೆ ಮಾರಿಕೊಂಡು ಕಾಶಿಯ ಸ್ಮಶಾನವನ್ನು ಕಾದನು. ಚಂದ್ರಮತಿಯು ಲೋಹಿತಾಶ್ವನ ಶವವನ್ನು ಹೊತ್ತು ಬಂದಾಗಲೂ ಅವನು ಒಡೆಯನಿಗೆ ಸಲ್ಲಬೇಕಾದ ತೆರಿಗೆಯನ್ನು ಬಿಡಲಿಲ್ಲ. ಈ ಕಥೆಯನ್ನು ಸತ್ಯದ ಮಹಿಮೆಗಾಗಿ ಹೇಳುವುದು ರೂಢಿ. ಅದರಲ್ಲಿ ಇನ್ನೊಂದು ತತ್ತ್ವವೂ ಅಡಗಿದೆ: ಸ್ಮಶಾನದ ಕಾವಲುಗಾರನೊಳಗೆ ಎಂತಹ ದೊರೆತನವಿರಬಹುದೆಂಬುದನ್ನು ಬಂದವರು ಹೊರನೋಟದಿಂದ ತಿಳಿಯಲಾರರು. 2021ರಲ್ಲಿ ಹಗಲಿರುಳೆನ್ನದೆ ಕುಲುಮೆಯ ಕಾವಿನ ಮುಂದೆ ನಿಂತವರು ಇವರೇ. ಅವರನ್ನು ಅಣ್ಣನೆಂದೋ ಅಪ್ಪನೆಂದೋ ಬಹುವಚನದಲ್ಲಿ ಮಾತನಾಡಿಸಿ, ಅವರು ಹೇಳಿದಂತೆ ನಡೆದು, ಕೆಲಸ ಮುಗಿದ ಮೇಲೆ ಕೈಮುಗಿದು ಹೊರಡುವುದು ಆ ಸ್ಥಳದ ಮೊದಲ ಮರ್ಯಾದೆ.

ಉಳಿದ ಮರ್ಯಾದೆಗಳೂ ಕಠಿಣವೇನಲ್ಲ. ಸಾದಾ ಉಡುಪು, ಮೆಲುದನಿ, ನಿಧಾನದ ನಡಿಗೆ. ಇಷ್ಟರಲ್ಲಿ ಅರ್ಧ ಮುಗಿಯಿತು. ದಾರಿಯಿದ್ದಲ್ಲಿ ದಾರಿಯಲ್ಲೇ ನಡೆಯಬೇಕು; ಸಮಾಧಿಗಳನ್ನು ದಾಟಬಾರದು, ತುಳಿಯಬಾರದು, ಕಾಲು ನೋಯುತ್ತದೆಂದು ಅವುಗಳ ಕಟ್ಟೆಯ ಮೇಲೆ ಕೂರಬಾರದು. ಕಲ್ಲಿನ ಮೇಲೆ ಹೆಸರಿಲ್ಲದಿದ್ದರೂ ಅದರಡಿಯಲ್ಲಿರುವವರಿಗೆ ಒಂದು ಹೆಸರಿತ್ತು. ಸಂಚಾರ ದೂರವಾಣಿಯನ್ನು ಬಾಗಿಲಲ್ಲೇ ಮೌನಗೊಳಿಸುವುದು ಲೇಸು. ಅಮೆರಿಕದಲ್ಲಿರುವ ಮಗನಿಗೆ ತಾಯಿಯ ಕೊನೆಯ ದರ್ಶನವನ್ನು ಅದೇ ಉಪಕರಣದ ಮೂಲಕ ಮಾಡಿಸಬೇಕಾದ ಸಂದರ್ಭಗಳುಂಟು. ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಅದರ ಕಣ್ಣು ತಮ್ಮ ಮನೆಯವರ ಮೇಲಷ್ಟೇ ಇರಬೇಕು. ಪಕ್ಕದ ಕುಟುಂಬದ ರೋದನವನ್ನು ಚಿತ್ರದೊಳಗೆ ಸೆರೆಹಿಡಿದು ಊರಿಗೆಲ್ಲ ಹಂಚುವುದು ಅಪಚಾರ. ಸಮಾಧಿಯ ಮುಂದೆ ನಗುಮುಖದಿಂದ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವವನು ತಾನು ಬಂದದ್ದು ಯಾರಿಗಾಗಿ ಎಂಬುದನ್ನೇ ಮರೆತವನು.

ಅರ್ಪಣೆಯ ವಿಷಯದಲ್ಲಿಯೂ ವಿವೇಚನೆ ಬೇಕು. ಮೂರನೆಯ ದಿನ ಹಾಲು-ತುಪ್ಪ ಬಿಡುವ, ಅಗಲಿದವರಿಗೆ ಪ್ರಿಯವಾದ ತಿನಿಸನ್ನು ಎಡೆ ಇಡುವ ಪದ್ಧತಿಗಳಲ್ಲಿ ಪ್ರೀತಿಯಿದೆ. ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಹಾಲು ಮಣ್ಣಿಗೆ ಸೇರಿದ ಮೇಲೆ ಅದರ ಪ್ಲಾಸ್ಟಿಕ್ ಪೊಟ್ಟಣ ಅಲ್ಲಿಯೇ ಉಳಿಯುವುದು ಯಾವ ಪದ್ಧತಿ? ಮೃತರ ಹಾಸಿಗೆ, ದಿಂಬು, ಬಟ್ಟೆಗಳನ್ನು ಕಾಂಪೌಂಡಿನ ಹೊರಗೆ ರಾಶಿ ಹಾಕಿ ಬರುವುದು ಯಾವ ಶಾಸ್ತ್ರ? ಅಲ್ಲಿಂದ ಆ ಕಸವನ್ನು ಬರಿಗೈಯಲ್ಲಿ ಎತ್ತುವವಳು ನಗರಪಾಲಿಕೆಯ ಪೌರಕಾರ್ಮಿಕ ಮಹಿಳೆ. ತಾಯಿಗೆ ಎಡೆಯಿಟ್ಟು ಇನ್ನೊಬ್ಬ ತಾಯಿಯ ಕೈಗೆ ಹೊಲಸನ್ನು ಕೊಟ್ಟು ಬಂದರೆ ಎಡೆಯ ಪುಣ್ಯ ಎಲ್ಲಿ ಉಳಿಯಿತು?

ಅನ್ಯಮತೀಯರ ಸಮಾಧಿ ಭೂಮಿಗೆ ಹೋಗಬೇಕಾದ ಪ್ರಸಂಗಗಳು ನಗರಜೀವನದಲ್ಲಿ ಬಹಳ. ಸಹೋದ್ಯೋಗಿ, ಗುರು, ನೆರೆಯವರು ಎಲ್ಲ ಮತಗಳಲ್ಲಿಯೂ ಇರುವರು. ಹೊಸೂರು ರಸ್ತೆಯಲ್ಲಿ ಕ್ರೈಸ್ತರ ಸಮಾಧಿ ಭೂಮಿಯೂ ವಿಲ್ಸನ್ ಗಾರ್ಡನ್ನಿನ ಹಿಂದೂ ರುದ್ರಭೂಮಿಯೂ ಒಂದಕ್ಕೊಂದು ಹೆಚ್ಚು ದೂರವಿಲ್ಲ. ನವೆಂಬರ್ 2ರ ಮೃತರ ಸ್ಮರಣೆಯ ದಿನದಂದು ಕ್ರೈಸ್ತ ಕುಟುಂಬಗಳು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುವರು. ಮುಸಲ್ಮಾನರು ಖಬರಸ್ತಾನದೊಳಗೆ ಕಾಲಿಡುವಾಗಲೇ ಅಲ್ಲಿ ಮಲಗಿರುವವರಿಗೆ ಸಲಾಂ ಹೇಳುವರು. ಗೋರಿಯ ಮೇಲೆ ಕೂರುವುದು ಅವರಲ್ಲಿ ನಿಷಿದ್ಧ. ಲಿಂಗಾಯತರು ಗದ್ದುಗೆಯ ಮೇಲೆ ವಿಭೂತಿ-ಪತ್ರೆಗಳನ್ನಿರಿಸಿ ನಮಿಸುವರು. ವಿಧಿಗಳು ಬೇರೆಯಾದರೂ ಶಿಸ್ತು ಒಂದೇ: ಒಳಗೆ ಬರುವವನು ತಗ್ಗಿ ಬರಬೇಕು. ತಿಳಿಯದ ಪದ್ಧತಿಯನ್ನು ಅನುಕರಿಸಬೇಕಾಗಿಲ್ಲ. ಬಲ್ಲವರನ್ನು ಕೇಳಿ, ಅವರು ನಿಂತಾಗ ನಿಂತು, ಅವರು ಮೌನವಾದಾಗ ಮೌನವಾದರೆ ಸಾಕು.

ದೂರದ ನಾಗಾಲ್ಯಾಂಡಿನ ಕೊಹಿಮಾದಲ್ಲಿ, 1944ರ ಯುದ್ಧದಲ್ಲಿ ಮಡಿದವರ ಒಂದು ಸಮಾಧಿ ಭೂಮಿಯಿದೆ. ಅಲ್ಲಿರುವ 1,400ಕ್ಕೂ ಹೆಚ್ಚು ಸಮಾಧಿಗಳಲ್ಲಿ ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಭೇದ ಮಾಡಿಲ್ಲ. ತಮ್ಮ ಮತಾಚಾರದಂತೆ ದಹನಗೊಂಡ 917 ಮಂದಿ ಹಿಂದೂ ಮತ್ತು ಸಿಖ್ ಯೋಧರ ಹೆಸರುಗಳನ್ನೂ ಅಲ್ಲಿ ಬೇರೆಯಾಗಿ ಕೆತ್ತಲಾಗಿದೆ. ಹೂಳಿದವರನ್ನೂ ಸುಟ್ಟವರನ್ನೂ ಒಂದೇ ಆದರದಿಂದ ನೆನೆಯುವ ಇಂತಹ ಸ್ಥಳಕ್ಕೆ ಹೋದವರು ತಾವಾಗಿಯೇ ದನಿ ತಗ್ಗಿಸುವರು. ಶುಚಿಯಾಗಿರುವ, ಒಪ್ಪವಾಗಿರುವ ಸ್ಥಳವು ಬಂದವರಿಗೆ ತಾನೇ ನಡತೆಯನ್ನು ಕಲಿಸುತ್ತದೆ. ಕಳೆ ಬೆಳೆದು, ಗೋಡೆ ಬಿದ್ದು, ಬೀದಿದೀಪವಿಲ್ಲದ ರುದ್ರಭೂಮಿ ಬಂದವರ ಅಸಡ್ಡೆಯನ್ನು ಇಮ್ಮಡಿಗೊಳಿಸುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಸಾವನ್ನು ಹಬ್ಬವೆಂದು ಕಂಡ ಪರಂಪರೆಯಲ್ಲಿ, ವಿಮಾನ ಕಟ್ಟಿ ಭಜನೆ ಮಾಡುತ್ತ ಕಳುಹಿಸಿಕೊಡುವ ನಾಡಿನಲ್ಲಿ, ತಮಟೆಯ ಸದ್ದಿಲ್ಲದೆ ಹಿರಿಯರನ್ನು ಬೀಳ್ಕೊಡದ ಸಮುದಾಯಗಳ ನಡುವೆ ಈ ಮೌನದ ಉಪದೇಶ ಎಲ್ಲಿಂದ ಬಂದಿತೆಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಭಜನೆಯೂ ತಮಟೆಯೂ ತಪ್ಪಲ್ಲ. ಅವು ಅಳುವವರ ಎದೆಗೆ ಆಸರೆಯಾಗಲೆಂದು ಹುಟ್ಟಿದ ಕಲೆಗಳು. ಆದರೆ ಆಸ್ಪತ್ರೆಯ ಮುಂದೆ ಪಟಾಕಿ ಸಿಡಿಸುವುದು, ಮೆರವಣಿಗೆಯಿಂದ ರಸ್ತೆಯನ್ನು ಕಟ್ಟಿಹಾಕಿ ರೋಗಿಯ ವಾಹನವನ್ನು ತಡೆಯುವುದು, ಕುಡಿದು ಕುಣಿಯುವುದು ಪರಂಪರೆಯ ಯಾವ ಪುಟದಲ್ಲಿಯೂ ಇಲ್ಲ. ಅದೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ಕಿದ್ವಾಯಿ ಆಸ್ಪತ್ರೆಯೂ ಹತ್ತಿರದಲ್ಲೇ ಇದೆ. ಅಲ್ಲಿ ಮಲಗಿರುವವರ ಕಿಟಕಿಗೆ ಸಾವಿನ ಸದ್ದು ಹೇಗೆ ಕೇಳಿಸೀತೆಂದು ಒಂದು ಕ್ಷಣ ಯೋಚಿಸಿದರೆ ಸಾಕು. ರುದ್ರಭೂಮಿಯ ಬಾಗಿಲಲ್ಲಿ, ಒಳಗೆ ಇನ್ನೊಂದು ಕುಟುಂಬವಿದೆಯೆಂದು ತಿಳಿದೊಡನೆ ತಮಟೆಯವನಿಗೆ ಕೈಸನ್ನೆ ಮಾಡಿ ನಿಲ್ಲಿಸುವ ಯಜಮಾನನೇ ಪರಂಪರೆಯನ್ನು ಬಲ್ಲವನು.

ಮಕ್ಕಳನ್ನು ಸ್ಮಶಾನಕ್ಕೆ ಕರೆದೊಯ್ಯಬಾರದು, ಹೆಣ್ಣುಮಕ್ಕಳು ಬರಬಾರದು ಎಂಬುದು ಇನ್ನೊಂದು ಮಾತು. ಇದನ್ನು ಹೇಳುವ ಹಿರಿಯರ ಉದ್ದೇಶ ರಕ್ಷಣೆಯೇ ಆಗಿರಬಹುದು. ಆದರೆ ಅಜ್ಜಿಯ ಕೈತುತ್ತು ಉಂಡ ಮೊಮ್ಮಗುವನ್ನು ಅಜ್ಜಿಯ ಮಣ್ಣಿನ ದಿನ ಪಕ್ಕದ ಮನೆಯಲ್ಲಿ ಕೂಡಿಹಾಕುವುದರಿಂದ ಆ ಮಗುವಿಗೆ ದೊರೆಯುವುದು ರಕ್ಷಣೆಯಲ್ಲ, ಒಗಟು. ಸಾಂಕ್ರಾಮಿಕದ ದಿನಗಳಲ್ಲಿ ಗಂಡುಮಕ್ಕಳು ಹತ್ತಿರವಿಲ್ಲದ ಮನೆಗಳಲ್ಲಿ ಹೆಣ್ಣುಮಕ್ಕಳೇ ಮುಂದೆ ನಿಂತು ಕ್ರಿಯೆಗಳನ್ನು ನಡೆಸಿದರು. ಯಾವ ಅನಿಷ್ಟವೂ ಆಗಲಿಲ್ಲ. ಸೂತಕವನ್ನೇ ಅಲ್ಲಗಳೆದ ಪರಂಪರೆಯವರಿಗಂತೂ ತಡೆಯಲು ಕಾರಣವೇ ಇಲ್ಲ. ಮಗು ಬರಲು ಒಪ್ಪಿದರೆ ಅಲ್ಲಿ ಏನು ಕಾಣುವುದೆಂಬುದನ್ನು ಮೊದಲೇ ಸರಳವಾಗಿ ತಿಳಿಸಿ, ಕೈಹಿಡಿದು ಕರೆದೊಯ್ದು, ಅದು ಕೇಳಿದ ಪ್ರಶ್ನೆಗೆ ಸುಳ್ಳು ಹೇಳದೆ ಉತ್ತರಿಸಬೇಕು. ಬಾರೆನೆಂದರೆ ಒತ್ತಾಯಿಸಬಾರದು.

ನಡತೆಯು ಒಳಗಿನಿಂದ ಬರಬೇಕಾದದ್ದು ನಿಜವಾದರೂ, ಕಾನೂನು ಈ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತಿಲ್ಲ. 1860ರ ಭಾರತೀಯ ದಂಡಸಂಹಿತೆಯ 297ನೆಯ ಕಲಮು, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯಸಂಹಿತೆಯ 301ನೆಯ ಕಲಮು ಇವೆರಡೂ ಇತರರ ಭಾವನೆಯನ್ನು ನೋಯಿಸುವ ಉದ್ದೇಶದಿಂದ ಸ್ಮಶಾನವನ್ನು ಅತಿಕ್ರಮಿಸುವುದನ್ನು, ಶವಕ್ಕೆ ಅಪಮಾನ ಮಾಡುವುದನ್ನು, ಅಂತ್ಯಕ್ರಿಯೆಗಾಗಿ ನೆರೆದವರಿಗೆ ತೊಂದರೆ ಕೊಡುವುದನ್ನು ಅಪರಾಧವೆಂದು ಸಾರಿವೆ. ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಮನುಷ್ಯನ ಘನತೆಯ ಹಕ್ಕು ಅವನ ಮೃತದೇಹಕ್ಕೂ ಸಲ್ಲುವುದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತು. ಆದರೆ ನ್ಯಾಯಾಲಯವು ಒಂದು ಕೂಗಾಟವನ್ನು ದಂಡಿಸಬಲ್ಲದೇ ಹೊರತು ಒಂದು ಹಿತವಾದ ಮೌನವನ್ನು ಸೃಷ್ಟಿಸಲಾರದು. ಅದನ್ನು ಸೃಷ್ಟಿಸಬಲ್ಲದ್ದು ಮನೆ ಮತ್ತು ಶಾಲೆ.

ಶಾಲೆಗಳಲ್ಲಿ ಸಭೆಗೆ ಸ್ವಾಗತ ಕೋರುವುದನ್ನು ಕಲಿಸಲಾಗುತ್ತದೆ, ವಂದನಾರ್ಪಣೆಯನ್ನು ಕಲಿಸಲಾಗುತ್ತದೆ, ರಾಷ್ಟ್ರಗೀತೆಗೆ ನಿಲ್ಲುವುದನ್ನು ಕಲಿಸಲಾಗುತ್ತದೆ. ತಂದೆಯನ್ನು ಕಳೆದುಕೊಂಡು ಹನ್ನೆರಡು ದಿನಗಳ ಮೇಲೆ ತರಗತಿಗೆ ಮರಳಿದ ಸಹಪಾಠಿಯ ಪಕ್ಕದಲ್ಲಿ ಹೇಗೆ ಕೂರಬೇಕೆಂಬುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ನೀತಿಪಾಠದ ಒಂದು ತರಗತಿಯನ್ನು ಇದಕ್ಕೆ ಮೀಸಲಿಡುವುದು ಅಧ್ಯಾಪಕರಿಗೆ ಕಷ್ಟವಾಗಲಾರದು. ಮಠದ ವಿದ್ಯಾಸಂಸ್ಥೆಗಳಲ್ಲಂತೂ ಗದ್ದುಗೆಯ ದರ್ಶನ ಮಕ್ಕಳಿಗೆ ನಿತ್ಯದ ಅಭ್ಯಾಸ. ಅಲ್ಲಿ ತಲೆಬಾಗುವ ಮಗುವಿಗೆ, ಊರ ರುದ್ರಭೂಮಿಯಲ್ಲಿರುವ ಹೆಸರಿಲ್ಲದ ಸಮಾಧಿಯೂ ಯಾರೋ ಒಬ್ಬರ ಪಾಲಿನ ಗದ್ದುಗೆಯೆಂದು ತಿಳಿಸಿದರೆ ಪಾಠ ಪೂರ್ಣವಾಗುವುದು. ವರ್ಷಕ್ಕೊಮ್ಮೆ ಹಿರಿಯ ವಿದ್ಯಾರ್ಥಿಗಳು ಹತ್ತಿರದ ರುದ್ರಭೂಮಿಯಲ್ಲಿ ಕಳೆ ಕಿತ್ತು, ಹಾದಿ ಒಪ್ಪ ಮಾಡಿ, ಎರಡು ಗಿಡ ನೆಟ್ಟು ಬಂದರೆ ಅದು ಶ್ರಮದಾನವೂ ಹೌದು, ತತ್ತ್ವಶಾಸ್ತ್ರವೂ ಹೌದು.

ದಾನಿಗಳಿಗೂ ಇಲ್ಲಿ ಒಂದು ಅವಕಾಶವಿದೆ. ಕೊಠಡಿಗೆ, ರಂಗಮಂದಿರಕ್ಕೆ, ಗ್ರಂಥಾಲಯಕ್ಕೆ ಕೊಡುಗೈಯಾದವರ ಹೆಸರುಗಳನ್ನು ಸಂಸ್ಥೆಗಳು ಕೃತಜ್ಞತೆಯಿಂದ ಫಲಕಗಳಲ್ಲಿ ಬರೆಸಿವೆ. ರುದ್ರಭೂಮಿಯಲ್ಲಿ ಕಾಯುವವರಿಗೆ ಒಂದು ನೆರಳು, ಕೂರಲು ಎರಡು ಕಲ್ಲು ಬೆಂಚು, ಕುಡಿಯಲು ಒಂದು ನಲ್ಲಿ ನೀರು, ಹೆಂಗಸರಿಗೆ ಶುಚಿಯಾದ ಒಂದು ಶೌಚಗೃಹ ಇವುಗಳಿಗೆ ನೀಡುವ ದಾನವನ್ನು ಹೊಗಳಲು ಯಾವ ಸಭೆಯೂ ಸೇರದು. ಬಿಸಿಲಲ್ಲಿ ಎರಡು ಗಂಟೆ ನಿಂತ ವೃದ್ಧೆಯೊಬ್ಬಳು ಆ ನೆರಳಿನಲ್ಲಿ ಕುಳಿತು ಒಂದು ಲೋಟ ನೀರು ಕುಡಿದರೆ ಅದೇ ಅದರ ಪ್ರಶಸ್ತಿ. ಊರು ಬಿಟ್ಟು ದೂರದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು, ತಾವು ಬಂದು ನಿಲ್ಲಲಾರದ ಸಮಾಧಿಗಳ ಸಲುವಾಗಿ, ಇಂತಹ ಕಾರ್ಯಕ್ಕೆ ಕೈ ನೀಡಬಹುದು.

ರುದ್ರಭೂಮಿಗೆ ಹೋಗುವ ಪ್ರಸಂಗ ಯಾರಿಗೂ ತಪ್ಪಿದ್ದಲ್ಲ. ಇಂದು ಇನ್ನೊಬ್ಬರ ಸರದಿ ಮುಗಿಯಲೆಂದು ಹೊರಗೆ ನಿಂತವರು ನಾಳೆ ಒಳಗೆ ನಿಂತು ಅಳುವರು. ಆಗ ಹೊರಗೆ ನಿಂತವರು ಯಾರೋ, ಅವರ ನಡತೆ ಎಂತಹುದೋ ಬಲ್ಲವರಿಲ್ಲ. ತಾವು ಅಳುವ ಆ ದಿನ ಅಪರಿಚಿತರಿಂದ ಏನನ್ನು ಬಯಸುವರೋ ಅದನ್ನು ಈ ದಿನವೇ ಅಪರಿಚಿತರಿಗೆ ಕೊಟ್ಟುಬಿಡುವುದು ಜಾಣತನವೂ ಹೌದು, ಧರ್ಮವೂ ಹೌದು. ಅದಕ್ಕೆ ಬೇಕಾದುದು ಹಣವಲ್ಲ, ಪಾಂಡಿತ್ಯವಲ್ಲ: ತಗ್ಗಿದ ಒಂದು ದನಿ, ಮುಗಿದ ಎರಡು ಕೈ, ಪಕ್ಕದವರನ್ನು ಕಾಣುವ ಕಣ್ಣು. ಇಷ್ಟನ್ನು ಕಲಿಸಿ ಕಳುಹಿಸಿದ ವಿದ್ಯಾಶಾಲೆಯು ತನ್ನ ವಿದ್ಯಾರ್ಥಿಗಳನ್ನು ಸಾವಿಗೆ ಮಾತ್ರವಲ್ಲದೆ ಬದುಕಿಗೂ ಸಿದ್ಧಗೊಳಿಸಿದಂತಾಗುವುದು.